ಛತ್ರಿಯಮ್ಮ ಹತ್ತದ ಬಸ್ಸು

ಮೂರು ವಾರದ ಹಿಂದೆ, ಒಂದು ಮಧ್ಯಾಹ್ನ, ನಾನು ಒಂದಿಡೀ ಊರಿನ ಜನರನ್ನು ಮಾಯ ಮಾಡಿದೆ. ಅಪ್ಪನಿಗೆ ಹೇಳಲಿಲ್ಲ. ಡೈರಿಯಲ್ಲಿ ಇದೊಂದು ಸಾಲು ಬರೆಯುವುದಕ್ಕೇ ಇಷ್ಟು ದಿನ ಬೇಕಾಯಿತು. ಬರೆದ ಮೇಲೆ ಎದೆ ಹಗುರಾದೀತು ಅಂದುಕೊಂಡಿದ್ದೆ. ಹಗುರಾಗಲಿಲ್ಲ, ಬರೀ ಅದಕ್ಕೊಂದು ತಾರೀಕು ಸಿಕ್ಕಿತು.

ಊರು ಅಂದರೆ ಕಂಪ್ಯೂಟರಿನೊಳಗಿನ ಊರು. ಬಸ್ ಓಡಿಸುವ ಒಂದು ಆಟವಿದೆ. ನಿಜದ ಬಸ್ಸಿನ ಹಾಗೆಯೇ ನಿಲ್ದಾಣದಲ್ಲಿ ಬಾಗಿಲು ತೆಗೆಯಬೇಕು, ಜನರನ್ನು ಹತ್ತಿಸಿಕೊಳ್ಳಬೇಕು, ವೇಳೆಗೆ ಸರಿಯಾಗಿ ಮುಂದಿನ ನಿಲ್ದಾಣ ಸೇರಬೇಕು. ಅಪ್ಪ ಮೂವತ್ತೊಂದು ವರ್ಷ ಬಸ್ ಓಡಿಸಿದವರು. ಕಣ್ಣಿನ ಪರೀಕ್ಷೆಯಲ್ಲಿ ಎಡಗಣ್ಣಿನ ನೋಟದ ಅಂಚು ಮಸುಕಾಗಿದೆ ಎಂದು ಗೊತ್ತಾದ ದಿನವೇ ಅವರ ಕೈಯಿಂದ ಸ್ಟೀರಿಂಗ್ ಹೋಯಿತು. ಡಿಪೋದಲ್ಲಿ ಕೂತು ಬರೆಯುವ ಕೆಲಸ ಕೊಟ್ಟರು. ಎರಡು ತಿಂಗಳು ಮಾಡಿ ಬಿಟ್ಟುಬಂದರು. ಆಮೇಲೆ ಮನೆಯಲ್ಲಿ ಸುಮ್ಮನೆ ಕೂತಿರುತ್ತಿದ್ದರು. ಸುಮ್ಮನೆ ಕೂತಾಗಲೂ ಅವರ ಬಲಗಾಲು ಮಾತ್ರ ಆಗಾಗ ನೆಲವನ್ನು ಮೆಲ್ಲಗೆ ಒತ್ತುತ್ತಿತ್ತು.

ಆ ಕಾಲನ್ನು ನೋಡಲಾಗದೆ, ಕಾಲೇಜಿನ ದಿನಗಳ ನನ್ನ ಕಂಪ್ಯೂಟರಿಗೆ ಈ ಆಟ ಹಾಕಿದೆ. ಯಾರೋ ಬಳಸಿ ಮಾರಿದ ಸ್ಟೀರಿಂಗು, ಪೆಡಲು ಸಿಕ್ಕವು. ಸ್ಟೀರಿಂಗನ್ನು ಅಮ್ಮ ಇಸ್ತ್ರಿ ಮಾಡುವ ಮೇಜಿಗೆ ಬಿಗಿದೆವು.

"ನಿಮ್ಮ ಬಸ್ಸು ಹೋಗೋವರೆಗೂ ನನ್ನ ಬಟ್ಟೆ ಸ್ಟಾಪಲ್ಲಿ ನಿಂತಿರ್ಬೇಕೇನ್ರೀ?" ಅಂದಳು ಅಮ್ಮ.

"ಕ್ಯೂನಲ್ಲಿ ಬಾರೇ," ಅಂದರು ಅಪ್ಪ, ಪರದೆಯಲ್ಲಿನ ಬಸ್ಸಿನ ಕನ್ನಡಿಯಿಂದ ಕಣ್ಣು ತೆಗೆಯದೆ.

ನಾನು ಪಕ್ಕದ ಸ್ಟೂಲಿನ ಮೇಲೆ ಕೂರುತ್ತಿದ್ದೆ. ಬಾಗಿಲು ಮುಚ್ಚಿದ ಮೇಲೆ "ರೈಟ್" ಅನ್ನುವುದು ನನ್ನ ಕೆಲಸ. ನಾನು ಅನ್ನದೆ ಅಪ್ಪ ಬಸ್ ಬಿಡುತ್ತಿರಲಿಲ್ಲ.

"ಕಂಡಕ್ಟ್ರಮ್ಮಾ, ಪಕ್ಕದಲ್ಲಿ ಕೂತಿರೋನಿಗೇ ಕೇಳಿಸದ ಹಾಗೆ ರೈಟ್ ಅಂದ್ರೆ ಹೇಗಮ್ಮಾ? ಬಸ್ಸಿಗೆ ಕನಸು ಬೀಳ್ಬೇಕಾ?"

ನನ್ನ ದನಿ ಮೊದಲಿಂದಲೂ ಅಷ್ಟೇ. ಕೊನೇ ವರ್ಷದ ಮೌಖಿಕ ಪರೀಕ್ಷೆಯಲ್ಲಿ ನನ್ನ ಉತ್ತರ ಕೇಳಲು ಮೇಷ್ಟ್ರು ಎದ್ದು ಬಂದು ನನ್ನ ಪಕ್ಕದ ಕುರ್ಚಿಯಲ್ಲಿ ಕೂತಿದ್ದರು.

ಆ ಊರಿನ ಜನರೆಲ್ಲ ಅಪ್ಪನಿಗೆ ಪರಿಚಯವಾಗಿಬಿಟ್ಟಿದ್ದರು. ಮೂರನೇ ನಿಲ್ದಾಣದಲ್ಲಿ ಕೆಂಪು ಕೋಟಿನ ಹೆಂಗಸೊಬ್ಬಳು ಮಳೆಯಿರಲಿ ಬಿಸಿಲಿರಲಿ ಮಡಿಸಿದ ಛತ್ರಿ ಹಿಡಿದು ನಿಂತಿರುತ್ತಿದ್ದಳು. ಅವಳು ಛತ್ರಿಯಮ್ಮ. ಆರನೆಯದರಲ್ಲಿ ಹತ್ತುತ್ತಿದ್ದವನು ಕೋಲಜ್ಜ. ಅವನು ಸೀಟಿನಲ್ಲಿ ಕೂರುವ ತನಕ ಅಪ್ಪ ಬ್ರೇಕಿನಿಂದ ಕಾಲೆತ್ತುತ್ತಿರಲಿಲ್ಲ. ಪರದೆಯ ಮೂಲೆಯಲ್ಲಿ ಗಡಿಯಾರ ತಡವಾಯಿತೆಂದು ಮಿನುಗಿದರೆ, "ಮಿನುಗು, ಮಿನುಗು. ಬಿದ್ರೆ ನೀನು ಎತ್ತುತ್ತೀಯಾ?" ಎಂದು ಅದನ್ನೇ ಗದರುತ್ತಿದ್ದರು.

ತೊಂದರೆ ಇದ್ದದ್ದು ನನ್ನ ಕಂಪ್ಯೂಟರಿನ ಗ್ರಾಫಿಕ್ಸ್ ಕಾರ್ಡಿನಲ್ಲಿ. ಚಿತ್ರವನ್ನೆಲ್ಲ ಬಿಡಿಸಿ ಪರದೆಗೆ ಕಳಿಸುವುದು ಅದೇ, ಅದಕ್ಕೆ ವಯಸ್ಸಾಗಿತ್ತು. ಪೇಟೆ ಬೀದಿಯಲ್ಲಿ ಜನ ತುಂಬಿದಾಗ ಏದುಸಿರು ಬಿಡುತ್ತಿತ್ತು. ಮೇಲಾಗಿ ಬಸ್ಸಿನ ಕನ್ನಡಿಗಳು. ಒಂದೊಂದು ಕನ್ನಡಿಗೂ ಅದೇ ಬೀದಿಯನ್ನು ಅದು ಮತ್ತೊಮ್ಮೆ ಬಿಡಿಸಬೇಕು. ಒಂದು ದಿನ ಕೋಲಜ್ಜ ಇಳಿಯಲೆಂದು ಎದ್ದು ನಿಂತಿದ್ದಾಗಲೇ ಚಿತ್ರ ಗಕ್ಕನೆ ನಿಂತುಬಿಟ್ಟಿತು. ಮತ್ತೆ ಚಲಿಸುವಷ್ಟರಲ್ಲಿ ಮುಂದಿನ ಕಾರು ಮೂಗಿಗೇ ಬಂದಿತ್ತು. ಅಪ್ಪ ಬ್ರೇಕ್ ತುಳಿದರು. ಪರದೆಯ ಮೇಲೆ ಕೆಂಪಕ್ಷರ ಮೂಡಿತು: ಒರಟು ಬ್ರೇಕ್. ಪ್ರಯಾಣಿಕರಿಗೆ ತೊಂದರೆಯಾಗಿದೆ.

ಅಪ್ಪ ಎರಡೂ ಕೈಗಳನ್ನು ಸ್ಟೀರಿಂಗಿನಿಂದ ತೆಗೆದು ಮಂಡಿಯ ಮೇಲಿಟ್ಟುಕೊಂಡರು.

"ಬಿದ್ರಾ ಅವ್ರು?"

"ಇಲ್ಲಪ್ಪ."

"ಸರಿಯಾಗಿ ನೋಡು."

ಅವತ್ತು ಊಟವಾದ ಮೇಲೆ ಅವರು ಮಲಗಿದ್ದಾಗ ಆಟದ ಸೆಟ್ಟಿಂಗ್ಸ್ ತೆರೆದೆ. ಒಂದೋ ಕನ್ನಡಿ ತೆಗೆಯಬೇಕು, ಇಲ್ಲವೋ ಜನರನ್ನು. ಕನ್ನಡಿಯಿಲ್ಲದ ಬಸ್ಸಿನಲ್ಲಿ ಅಪ್ಪ ಕೂರುವುದೂ ಇಲ್ಲ. ಹಾಗಾಗಿ ಬೀದಿಯಲ್ಲಿ ಎಷ್ಟು ಜನ ಇರಬೇಕೆಂದು ಹೆಚ್ಚು ಕಮ್ಮಿ ಮಾಡುವ ಜನಸಂದಣಿಯ ಗೀಟನ್ನು ಸೊನ್ನೆಗೆ ಎಳೆದೆ. ಬೀದಿ ಬೆಣ್ಣೆಯಂತೆ ನುಣುಪಾಗಿ ಓಡಿತು. ಎದ್ದ ಕೂಡಲೇ ಹೇಳೋಣ ಅಂದುಕೊಂಡೆ. ಆದರೆ ಅವರು ಎದ್ದು ಮುಖ ತೊಳೆಯುವಾಗ ನಾನು ಕರಡು ತಿದ್ದುವುದರಲ್ಲಿ ಮುಳುಗಿದ್ದೆ. ಮಕ್ಕಳ ಪಠ್ಯಪುಸ್ತಕಗಳ ಕರಡು ತಿದ್ದುವುದೇ ನನ್ನ ಉದ್ಯೋಗ. ಮನೆಯಲ್ಲೇ ಕೂತು ಮಾಡಬಹುದು, ಯಾರ ಜೊತೆಗೂ ಮಾತಾಡಬೇಕಿಲ್ಲ.

ತಲೆಯೆತ್ತುವಷ್ಟರಲ್ಲಿ ಅಪ್ಪ ಮೂರನೇ ನಿಲ್ದಾಣದಲ್ಲಿದ್ದರು. ಬಾಗಿಲು ತೆಗೆದೇ ಇತ್ತು. ಹತ್ತುವವರು ಯಾರೂ ಇರಲಿಲ್ಲ.

"ಛತ್ರಿಯಮ್ಮ ಬಂದಿಲ್ವಲ್ಲ," ಅಂದರು.

ಕಾದರು. ಆಮೇಲೆ ಬಾಗಿಲು ಮುಚ್ಚಿ, ಒಂದೊಂದು ನಿಲ್ದಾಣದಲ್ಲೂ ನಿಲ್ಲಿಸಿ, ತೆರೆದು, ಮುಚ್ಚಿ, ಕೊನೆಯವರೆಗೂ ಖಾಲಿ ಬಸ್ ಓಡಿಸಿದರು. ಇಂಜಿನ್ ಆರಿಸಿ ನನ್ನ ಕಡೆ ತಿರುಗಿದರು.

"ಬೆಳಿಗ್ಗೆ ಹಾಕಿದ ಬ್ರೇಕಿಗೇ ಇರ್ಬೇಕು, ಅಲ್ವಾ? ಜನ ಬಿಟ್ಬಿಟ್ರು."

ನಾನು ಬಾಯಿ ತೆರೆದೆ. ತೆರೆದ ಬಾಯಿಂದ ಬಂದದ್ದು ಒಂದೇ ಮಾತು: "ಇರಬಹುದು."

ಯಾಕೆ ಹಾಗಂದೆ ಎಂದು ಡೈರಿಯಲ್ಲಿ ಎರಡು ಪುಟ ಬರೆದು ಹರಿದಿದ್ದೇನೆ. ನಿಜ ಹೇಳಿದರೆ ಮಾತು ಬೆಳೆಯುತ್ತದೆ. ಯಾಕೆ, ಏನು, ಹೇಗೆ ಅನ್ನುತ್ತಾರೆ. ಹೂಂ ಅಂದರೆ ಮಾತು ಅಲ್ಲಿಗೇ ನಿಲ್ಲುತ್ತದೆ. ಹೀಗೆ ಹೂಂ ಅಂದುಕೊಂಡೇ ನಾನು ಇಷ್ಟು ದೊಡ್ಡವಳಾಗಿದ್ದೇನೆ.

ಮರುದಿನ ಅಪ್ಪ ಅಡುಗೆಮನೆಯಿಂದ ಒಂದು ಸ್ಟೀಲ್ ಲೋಟ ತಂದರು. ಅಂಚಿನವರೆಗೂ ನೀರು ತುಂಬಿ ಸ್ಟೀರಿಂಗಿನ ಪಕ್ಕ ಇಟ್ಟರು. "ಮೊದಲು ಕೆಲಸಕ್ಕೆ ಸೇರಿದಾಗ ಹೀಗೇ ಕಲಿಸಿದ್ರು. ಒಂದು ತೊಟ್ಟೂ ಚೆಲ್ಲಬಾರ್ದು." ಆಟದ ಬ್ರೇಕಿಗೂ ಮೇಜಿನ ಮೇಲಿನ ಲೋಟಕ್ಕೂ ಏನೂ ಸಂಬಂಧವಿಲ್ಲ ಎಂದು ನನಗೆ ಗೊತ್ತಿತ್ತು. ಅವರಿಗೂ ಗೊತ್ತಿದ್ದಿರಬೇಕು. ಆದರೂ ದಿನಕ್ಕೆ ಮೂರು ಸಲ, ಖಾಲಿ ಬಸ್ಸನ್ನು ಮಗುವಿನ ತೊಟ್ಟಿಲು ತೂಗುವಷ್ಟು ನಯವಾಗಿ ಓಡಿಸಿದರು. ಸ್ಟೀರಿಂಗ್ ತಿರುಗಿಸುವಾಗ ಮೇಜು ಅಲುಗಿ ನೀರು ಚೆಲ್ಲುತ್ತಿತ್ತು. ಅಮ್ಮ, "ಇಸ್ತ್ರಿ ಮೇಜನ್ನ ಕೆರೆ ಮಾಡಿಟ್ರಿ" ಎಂದು ಗೊಣಗುತ್ತ ಒರೆಸಿ, ತಾನೇ ಲೋಟ ಮತ್ತೆ ತುಂಬಿಸಿ ಇಟ್ಟು ಹೋಗುತ್ತಿದ್ದಳು.

"ಜನ ಮತ್ತೆ ನಂಬೋಕೆ ಟೈಮ್ ಬೇಕು," ಅಂದರು ಅಪ್ಪ ಒಂದು ದಿನ. ತಪ್ಪು ಮಾಡಿದವರ ತಾಳ್ಮೆ ಅವರ ಮುಖದಲ್ಲಿತ್ತು.

ಆಗಲೇ ನಾನೊಂದು ಉಪಾಯ ಹೂಡಿದೆ. ಒಳ್ಳೆಯ ಕಾರ್ಡ್ ತಂದು ಹಾಕುವುದು, ಜನಸಂದಣಿಯ ಗೀಟನ್ನು ಸದ್ದಿಲ್ಲದೆ ಮೊದಲಿನ ಜಾಗಕ್ಕೆ ಎಳೆಯುವುದು. ಲೋಟದ ನೀರಿನಿಂದಲೇ ಜನ ವಾಪಸ್ ಬಂದರು ಎಂದು ಅಪ್ಪ ಅಂದುಕೊಳ್ಳಲಿ. ಯಾರಿಗೂ ಏನೂ ಹೇಳಬೇಕಿಲ್ಲ. ನಾಲ್ಕು ದಿನ ಕಾರ್ಡುಗಳ ಬಗ್ಗೆ ಸಿಕ್ಕಿದ್ದೆಲ್ಲ ಓದಿದೆ. ಕಂಪ್ಯೂಟರಿನ ಡಬ್ಬಿ ಬಿಚ್ಚಿ, ಅಮ್ಮನ ಹೊಲಿಗೆ ಟೇಪಿನಿಂದ ಒಳಗಿನ ಜಾಗ ಅಳೆದೆ. ಅಂಗಡಿಯಲ್ಲಿ ಬಾಯಿ ಬಿಡುವ ಕಷ್ಟ ತಪ್ಪಲೆಂದು ಎಲ್ಲವನ್ನೂ ಚೀಟಿಯಲ್ಲಿ ಬರೆದುಕೊಂಡೆ.

ಚಪ್ಪಲಿ ಮೆಟ್ಟುತ್ತಿದ್ದಾಗ ಅಪ್ಪ ಕೇಳಿದರು, "ಎಲ್ಲಿಗೆ?"

"ಕಂಪ್ಯೂಟರಿಗೆ ಒಂದು ಕಾರ್ಡ್ ತರೋಣ ಅಂತ."

"ಇರು, ಬಂದೆ. ಡ್ರೈವರ್ರೇ ಇಲ್ದೆ ಇಂಜಿನ್ ತಗೊಳೋದುಂಟಾ?" ಇಸ್ತ್ರಿಯ ಅಂಗಿ ತೊಟ್ಟು, ತಲೆ ಬಾಚಿಕೊಂಡು ಬಂದೇಬಿಟ್ಟರು. ಬೇಡ ಅನ್ನಲು ನನಗೆ ಕಾರಣವೇ ಸಿಗಲಿಲ್ಲ.

ಅಂಗಡಿ ಮೊದಲನೇ ಮಹಡಿಯಲ್ಲಿತ್ತು. ಗೋಡೆಯುದ್ದಕ್ಕೂ ಪೆಟ್ಟಿಗೆಗಳು, ಗಾಜಿನ ಕೌಂಟರಿನ ಮೇಲೆ ಹೊಟ್ಟೆ ಬಿಚ್ಚಿಕೊಂಡು ಮಲಗಿದ ಎರಡು ಕಂಪ್ಯೂಟರು. ಅಂಗಡಿ ನಡೆಸುವ ಹೆಂಗಸು ಅಮ್ಮನ ವಯಸ್ಸಿನವಳು, ತುರುಬಿಗೆ ಸ್ಕ್ರೂಡ್ರೈವರ್ ಸಿಕ್ಕಿಸಿಕೊಂಡಿದ್ದಳು. ನಾನು ಚೀಟಿ ಮುಂದೆ ಚಾಚಿದೆ.

"ಇದೇನಮ್ಮಾ, ದಿನಸಿ ಪಟ್ಟಿ ಕೊಟ್ಟ ಹಾಗೆ ಕೊಡ್ತೀಯಾ?" ಎಂದು ನಗುತ್ತ ಓದಿದಳು. ಓದುತ್ತ ನಗು ನಿಂತಿತು. "ಪರವಾಗಿಲ್ವೇ. ಇಪ್ಪತ್ತಾರು ಸೆಂಟಿಮೀಟರ್ ಜಾಗ, ನಾನೂರೈವತ್ತು ವ್ಯಾಟ್ ಪವರ್ ಸಪ್ಲೈ. ಅಳತೆ ತಗೊಂಡು ಬರೋರೇ ಇಲ್ಲ. ಮನೆಗೆ ಹೋಗಿ, ಹಿಡಿಸ್ಲಿಲ್ಲ ಅಂತ ಅಳುತ್ತ ಬರ್ತಾರೆ."

ಮೂರು ಪೆಟ್ಟಿಗೆ ತೆಗೆದಿಟ್ಟಳು. ಮೊದಲನೆಯದಕ್ಕೆ ಸಾಲಾಗಿ ಮೂರು ಫ್ಯಾನು.

"ಅಬ್ಬಬ್ಬಾ, ಇದನ್ನ ಕಂಪ್ಯೂಟರಿಗೆ ಹಾಕ್ಬೇಕೋ ಸೂರಿಗೆ ನೇತುಹಾಕ್ಬೇಕೋ?" ಅಂದರು ಅಪ್ಪ.

"ಇದು ನಿಮಗೆ ಬೇಡ ಬಿಡಿ ಯಜಮಾನ್ರೇ. ಮೂವತ್ತೊಂದು ಸೆಂಟಿಮೀಟರ್ ಉದ್ದ, ಒಳಗೆ ಹೋಗಲ್ಲ. ಹೋದ್ರೂ ನಿಮ್ಮ ಪವರ್ ಸಪ್ಲೈ ತಡೆಯಲ್ಲ." ಅದನ್ನು ಪಕ್ಕಕ್ಕೆ ಸರಿಸಿದಳು. "ಉಳಿದಿದ್ದು ಎರಡು. ಎರಡು ಫ್ಯಾನಿಂದು, ಎಂಟು ಜಿಬಿ ಮೆಮೊರಿ. ಒಂದು ಫ್ಯಾನಿಂದು, ನಾಲ್ಕು ಜಿಬಿ. ಎರಡೂ ನಿಮಗೆ ಹಿಡಿಸ್ತವೆ. ಈಗ ಹೇಳಿ, ಯಾವ ಆಟ?"

"ಬಸ್ಸು," ಅಂದೆ.

"ಹಾಂ?"

"ಬಸ್ಸು ಕಣಮ್ಮಾ," ಅಂದರು ಅಪ್ಪ. "ಇವಳು ಕಂಡಕ್ಟರು. ದನಿ ನೋಡಿದ್ರಲ್ಲ, ಟಿಕೆಟ್ ಕೊಟ್ಟಿದ್ದೂ ಗೊತ್ತಾಗಲ್ಲ." ಅವರು ಎರಡೂ ಕಾರ್ಡುಗಳನ್ನು ಕೈಯಲ್ಲಿ ಹಿಡಿದು ತೂಗಿ ನೋಡಿದರು, ಬಿಡಿಭಾಗ ಪರೀಕ್ಷಿಸುವ ಮೆಕ್ಯಾನಿಕ್ಕಿನ ಹಾಗೆ.

"ಬಸ್ಸಿನ ಆಟ ಗೊತ್ತು ನಂಗೆ. ಬೀದಿ ತುಂಬ ಜನ ಇರ್ತಾರಾ, ಕಮ್ಮಿನಾ? ಅದರ ಮೇಲೆ ನಿಂತಿದೆ. ನಿಮ್ಮ ಪ್ರೊಸೆಸರ್ ಏನೋ ಪರವಾಗಿಲ್ಲ. ಜನ, ಕನ್ನಡಿ ಎರಡೂ ಬೇಕು ಅಂದ್ರೆ ಎಂಟು ಜಿಬಿದೇ ತಗೊಳ್ಳಿ. ಖಾಲಿ ರಸ್ತೆಗಾದ್ರೆ ನಾಲ್ಕು ಸಾಕು. ದುಡ್ಡೂ ಅರ್ಧ ಉಳಿಯುತ್ತೆ."

ನಾನು ಎರಡು ಫ್ಯಾನಿನ ಪೆಟ್ಟಿಗೆಯತ್ತ ಕೈ ಚಾಚಿದೆ. ಅಷ್ಟರಲ್ಲಿ ಅಪ್ಪ ಚಿಕ್ಕದನ್ನು ಎತ್ತಿ ಅವಳ ಕೈಗಿಟ್ಟರು.

"ಇದನ್ನೇ ಕೊಡಮ್ಮ. ನಮ್ಮ ಬಸ್ಸಿಗೆ ಈಗ ಜನ ಹತ್ತಲ್ಲ."

"ಹತ್ತಲ್ಲ ಅಂದ್ರೆ?"

"ಒಂದು ಸಲ ಒರಟಾಗಿ ಬ್ರೇಕ್ ಹಾಕ್ಬಿಟ್ಟೆ. ಅವತ್ತಿಂದ ಒಬ್ರೂ ಬಂದಿಲ್ಲ." ನಗಲು ನೋಡಿದರು. "ಆಟ ಅಂತೀವಿ. ಮೂರು ವಾರದಿಂದ ಯೋಚಿಸ್ತಾ ಇದೀನಿ. ಕೆಲಸದಲ್ಲಿದ್ದಾಗ ಕೊನೇ ವರ್ಷ ಹೀಗೇ ಆಗಿತ್ತೋ ಏನೋ. ಕಣ್ಣು ಮಂಜಾಗಿದ್ದು ನಂಗೇ ಗೊತ್ತಿರಲಿಲ್ಲ, ಬ್ರೇಕ್ ಹೇಗೆ ಹಾಕ್ತಿದ್ನೋ. ಜನ ಮುಖದ ಮೇಲೆ ಹೇಳಲ್ಲ ನೋಡಿ. ಸುಮ್ನೆ ಮುಂದಿನ ಬಸ್ಸಿಗೆ ಕಾಯ್ತಾರೆ."

ಅಂಗಡಿಯವಳು ನನ್ನ ಕಡೆ ನೋಡಿದಳು. ಒಂದೇ ನೋಟ. ಈ ಆಟದಲ್ಲಿ ಜನ ಮುನಿಸಿಕೊಂಡು ಹೋಗುವುದಿಲ್ಲ ಎಂದು ಅವಳಿಗೆ ಗೊತ್ತಿತ್ತು. ಗೀಟೊಂದನ್ನು ಯಾರೋ ಎಳೆಯಬೇಕು ಎಂದೂ ಗೊತ್ತಿತ್ತು. ಅವಳೇ ಹೇಳಿಬಿಡಬಹುದಿತ್ತು. ಹೇಳಲಿ ಎಂದು ಒಂದು ಕ್ಷಣ ನಾನು ಕಾದೆ, ಕಾದದ್ದಕ್ಕೆ ನಾಚಿಕೆಯಾಯಿತು. ಅವಳು ಚಿಕ್ಕ ಪೆಟ್ಟಿಗೆಯನ್ನು ಬಿಲ್ ಮಾಡದೆ, ಒಳಗಿಡದೆ, ಹಾಗೇ ಹಿಡಿದು ನಿಂತಳು.

ಅಪ್ಪ ಕೌಂಟರಿನ ಗಾಜಿನ ಮೇಲೆ ಎರಡೂ ಕೈ ಊರಿದ್ದರು. ಕೆಳಗೆ ಅವರ ಬಲಗಾಲು ಅಂಗಡಿಯ ನೆಲವನ್ನು ಮೆಲ್ಲಗೆ, ಬಹಳ ಮೆಲ್ಲಗೆ, ಒಂದು ತೊಟ್ಟೂ ಚೆಲ್ಲದ ಹಾಗೆ ಒತ್ತುತ್ತಿತ್ತು.

ಈಗ ಸುಮ್ಮನಿದ್ದರೆ ಚಿಕ್ಕ ಕಾರ್ಡು ಮನೆಗೆ ಬರುತ್ತದೆ. ಛತ್ರಿಯಮ್ಮ ಇನ್ನು ಯಾವತ್ತೂ ಬರುವುದಿಲ್ಲ. ದೊಡ್ಡದನ್ನೇ ಹಟ ಮಾಡಿ ತಂದರೂ, ಮೂವತ್ತೊಂದು ವರ್ಷ ತಮ್ಮ ಬಸ್ಸು ಹತ್ತಿದವರ ಮುಖಗಳನ್ನು ಅಪ್ಪ ಒಂದೊಂದಾಗಿ ನೆನೆದು ಅನುಮಾನಪಡುತ್ತಲೇ ಇರುತ್ತಾರೆ. ನನ್ನ ಉಪಾಯದಲ್ಲಿ ಇದಕ್ಕೆ ಮದ್ದಿರಲಿಲ್ಲ. ಚೀಟಿಯಲ್ಲೂ ಇರಲಿಲ್ಲ.

"ಅಪ್ಪ," ಅಂದೆ.

ಅವರಿಗೆ ಕೇಳಿಸಲಿಲ್ಲ. ಜೇಬಿಗೆ ಕೈ ಹಾಕಿ ಕನ್ನಡಕ ಹುಡುಕುತ್ತಿದ್ದರು.

ಅವರ ತೋಳು ಹಿಡಿದು ನನ್ನ ಕಡೆ ತಿರುಗಿಸಿಕೊಂಡೆ. ಹಿಂದೆ ಮೆಟ್ಟಿಲ ಮೇಲೆ ಯಾರೋ ಬರುತ್ತಿದ್ದರು. ಬರಲಿ, ಅವರಿಗೂ ಕೇಳಿಸಲಿ ಅನ್ನುವಷ್ಟು ಜೋರಾಗಿ ಹೇಳಿದೆ:

"ಜನ ನಿಮ್ಮ ಬಸ್ಸು ಬಿಟ್ಟು ಹೋಗಿಲ್ಲ ಅಪ್ಪ. ಅವರನ್ನ ತೆಗೆದಿದ್ದು ನಾನು."