ಗುಳ್ಳದ ಗದ್ದೆಯಲ್ಲಿ ಹಾಜರಿ

ಯಾರೋ ಗದ್ದೆ ನೋಡಲು ಬರುತ್ತಾರೆಂದಷ್ಟೇ ಅಪ್ಪ ಕರುಣಾಕರ ಹೇಳಿದ್ದರು. ಮಟ್ಟು ಊರಿನ ಆ ಗದ್ದೆಯಂಚಿಗೆ ಶಾಲೆಯ ವ್ಯಾನು ಬಂದು ನಿಂತಾಗ ಯಶ್ಮಿತಾ ಗುಳ್ಳಬದನೆ ಕೊಯ್ಯುತ್ತಿದ್ದಳು. ಮೊದಲು ಇಳಿದವರು ಮ್ಯಾಗ್ಡಲಿನ್ ಟೀಚರ್. ಯಶ್ಮಿತಾ ಕತ್ತಿ ಹಿಡಿದ ಕೈಯನ್ನು ಬೆನ್ನ ಹಿಂದೆ ಮರೆಮಾಡಿದಳು.

ನಾಲ್ಕು ವರ್ಷದ ಹಿಂದೆ, ಒಂಬತ್ತನೆಯ ತರಗತಿಯಲ್ಲಿ, ಮುಳ್ಳು ಗೀರಿದ ಅವಳ ಕೈಯನ್ನು ಎಲ್ಲರೆದುರು ಎತ್ತಿ ಹಿಡಿದು, "ಈ ಕೈಗೆ ಪೆನ್ನು ಬೇಡವಂತೆ, ಗುಳ್ಳ ಸಾಕಂತೆ" ಎಂದವರು ಇವರೇ. ಅಪ್ಪ ಸೊಂಟ ಮುರಿದುಕೊಂಡು ಮಲಗಿದ ವರ್ಷ ಅದು. ಕೊಯ್ಲು ಕಾಯುತ್ತದೆಯೇ? ಹಾಜರಾತಿ ಸಾಲದೆಂದು ಅವಳನ್ನು ಪರೀಕ್ಷೆಗೆ ಕೂರಿಸಲಿಲ್ಲ. ತಪ್ಪು ತನ್ನದೇ ಎಂದುಕೊಂಡು ಅವಳು ಮತ್ತೆ ಶಾಲೆಯ ಕಡೆ ತಲೆ ಹಾಕಲಿಲ್ಲ.

"ಗಾಬರಿ ಎಂತಕ್ಕೆ ಮಾರಾಯ್ತಿ?" ಟೀಚರ್ ನಗುತ್ತ ಬಂದರು. "ಇವತ್ತು ಬ್ಯಾಗ್ ಇಲ್ಲದ ದಿನ. ಹೊಸ ರಾಷ್ಟ್ರೀಯ ಶಿಕ್ಷಣ ನೀತಿ. ವರ್ಷಕ್ಕೆ ಹತ್ತು ದಿನ ಮಕ್ಕಳು ಊರಿನ ಕೆಲಸ ಕಲೀಬೇಕು. ನೀನೇ ಕಲಿಸು."

ಏಳನೆಯ ತರಗತಿಯ ಮಕ್ಕಳು ಸಾಲಿಗೆ ನುಗ್ಗಿದರು. ಉಜ್ವಲ್ ಎಂಬವನು ಗುಳ್ಳದ ಮುಳ್ಳುತೊಟ್ಟಿಗೇ ಕೈ ಹಾಕಿ "ಅಯ್ಯಮ್ಮಾ!" ಎಂದು ಕುಣಿದ.

"ತೊಟ್ಟು ಹಿಡೀಬೇಡ. ಅಡಿಯಿಂದ ಅಂಗೈ ಕೊಡು," ಎಂದಳು ಯಶ್ಮಿತಾ ಮೆಲ್ಲಗೆ.

"ಟೀಚರ್, ಇದಕ್ಕೆ ಮಾರ್ಕು ಉಂಟಾ?" ಉಜ್ವಲ್ ಕೇಳಿದ.

"ಉಂಟು. ಹಾಜರಿಯೂ ಉಂಟು. ಗದ್ದೆಯಲ್ಲಿದ್ರೂ ಶಾಲೆಯಲ್ಲಿದ್ದ ಹಾಗೆಯೇ."

ಯಶ್ಮಿತಾಳ ಕತ್ತಿ ಅಲ್ಲೇ ನಿಂತಿತು. ಸರಿಯಾಗಿ ಕೇಳಿಸಿತೇ? ಟೀಚರ್ ಅಷ್ಟರಲ್ಲಿ ಗುಳ್ಳದ ಬುಟ್ಟಿಯ ಮೇಲೆ ಹಾಜರಿ ಪುಸ್ತಕ ಬಿಡಿಸಿ ಹೆಸರು ಕರೆಯತೊಡಗಿದ್ದರು. ಬದುವಿನಿಂದ, ಗಿಡಗಳ ನಡುವಿನಿಂದ "ಪ್ರೆಸೆಂಟ್ ಟೀಚರ್", "ಪ್ರೆಸೆಂಟ್ ಟೀಚರ್". ಅವಳು ಶಾಲೆ ತಪ್ಪಿಸಿದ ಅರವತ್ತೊಂದು ದಿನವೂ ನಿಂತಿದ್ದದ್ದು ಇದೇ ಸಾಲಿನಲ್ಲಿ, ಇದೇ ಕತ್ತಿ ಹಿಡಿದು.

ಹೊರಡುವಾಗ ಟೀಚರ್ ಒಂದು ಫಾರ್ಮು ತೆಗೆದರು. "ಕಲಿಸಿದವರ ಹೆಸರು, ಸಹಿ. ವಿದ್ಯಾರ್ಹತೆ ಅಂತ ಬೇರೆ ಕೇಳ್ತಾರೆ. ಹತ್ತನೇ ಪಾಸ್ ಅಂತ ಹಾಕಿಬಿಡುವಾ, ಯಾರು ನೋಡ್ತಾರೆ!"

ಎಷ್ಟು ಸಲೀಸು! ಅಂದು ಅಪ್ಪ ಹಾಸಿಗೆಯಿಂದಲೇ ಫೋನಿನಲ್ಲಿ ಅಂಗಲಾಚಿದರೂ ಹಾಜರಾತಿಯಲ್ಲಿ ಇಷ್ಟು ಸಡಿಲ ಸಿಕ್ಕಿರಲಿಲ್ಲ.

ತರಗತಿಯಲ್ಲಿ ಒಮ್ಮೆಯೂ ಎದ್ದು ನಿಂತು ಮಾತಾಡದಿದ್ದ ಯಶ್ಮಿತಾ ಕೈ ಚಾಚಿದಳು. "ಪೆನ್ನು ಕೊಡಿ ಟೀಚರ್. ನಾನೇ ಬರೀತೇನೆ."

ದುಂಡಗೆ ಬರೆದಳು: ಒಂಬತ್ತನೆಯ ತರಗತಿ. ಹಾಜರಾತಿ ಕೊರತೆಯಿಂದ ಬಿಟ್ಟದ್ದು. ಕಾರಣ, ಗುಳ್ಳದ ಕೊಯ್ಲು.

ಓದಿದ ಟೀಚರ್ ಮುಖದಲ್ಲಿ ನಗು ಉಳಿಯಲಿಲ್ಲ. "ಇದನ್ನು ಮೇಲೆ ಇಲಾಖೆಗೆ ಕಳಿಸ್ಲಿಕ್ಕುಂಟು, ಯಶ್ಮಿತಾ..."

"ಕಳಿಸಿ, ಟೀಚರ್."