ಬಾಯಾರಿದ್ದು ಯಾರಿಗೆ?

ಮಧ್ಯಾಹ್ನ ಎರಡು ಗಂಟೆಗೆ ಅಜ್ಜಿಗೂ ಮೊಮ್ಮಗಳಿಗೂ ನೀರಿನ ವಿಷಯಕ್ಕೆ ಜಗಳವಾಯಿತು.

ಅಜ್ಜಿ ದರ್ಜಿ. ಮನೆಯ ಮುಂದಿನ ಕೋಣೆಯೇ ಅವರ ಅಂಗಡಿ. ಕಿಟಕಿಯ ಪಕ್ಕ ಹೊಲಿಗೆ ಯಂತ್ರ, ಮೂಲೆಯಲ್ಲಿ ಬಟ್ಟೆ ಚೂರುಗಳ ಗುಡ್ಡೆ, ಗುಡ್ಡೆಯ ಮೇಲೆ ನಾಲ್ಕು ವರ್ಷದ ಮೊಮ್ಮಗಳು. ಮನೆಯಲ್ಲಿ ಅವಳನ್ನು ಚಿಟ್ಟೆ ಎಂದು ಕರೆಯುತ್ತಾರೆ. ಚಿಟ್ಟೆ ಎದ್ದು ಬಂದಳು. ಅಜ್ಜಿಯ ಮುಖವನ್ನಲ್ಲ, ಯಂತ್ರದ ಚಕ್ರವನ್ನು ನೋಡುತ್ತ ಹೇಳಿದಳು: "ನೀರು ಬೇಕಾ?"

"ಬೇಡ ಕಣೇ ಬಂಗಾರಿ, ಈಗಷ್ಟೇ ಕುಡಿದೆ."

"ನೀರು ಬೇಕಾ?"

ಬೇಡವೆಂದರೆ ಬೇಡ ಎಂದು ಅಜ್ಜಿ ತೋಳಿನ ಹೊಲಿಗೆ ಮುಂದುವರಿಸಿದರು. ಇನ್ನೊಮ್ಮೆ ಕೇಳಿ, ಅದೇ ಉತ್ತರ ಬಂದಾಗ, ಚಿಟ್ಟೆ ನೆಲಕ್ಕೆ ಬಿದ್ದು ಕಿರುಚಿದಳು. ಅಡುಗೆಮನೆಯಿಂದ ಅವಳ ಅಮ್ಮ, ಅಜ್ಜಿಯ ಮಗಳು, ಓಡಿ ಬಂದಳು. ಬಿಸ್ಕತ್ತು ಕೊಟ್ಟಳು, ಫ್ಯಾನ್ ಹಾಕಿದಳು. ಅಳು ನಿಲ್ಲಲಿಲ್ಲ. ಪಕ್ಕದ ಮನೆಯಾಕೆ ಬಾಗಿಲಲ್ಲಿ ಇಣುಕಿ, ಬೆನ್ನಿಗೆ ಒಂದು ಏಟು ಬಿಟ್ಟರೆ ಎಲ್ಲ ಸರಿಹೋಗುತ್ತದೆ ಎಂದು ಪುಕ್ಕಟೆ ಸಲಹೆ ಕೊಟ್ಟು ಹೋದಳು.

ಚಿಟ್ಟೆಗೆ ಆಟಿಸಂ ಇದೆ ಎಂದು ಮಕ್ಕಳ ವೈದ್ಯರು ಹೇಳಿ ಒಂದು ತಿಂಗಳೂ ಆಗಿರಲಿಲ್ಲ. ಅಂದಿನಿಂದ ಅಮ್ಮ ಬೇಕರಿ ಕೆಲಸಕ್ಕೆ ರಜೆ ಹಾಕಿದ್ದಳು. ರಜೆ ಮುಗಿಯುತ್ತ ಬಂದಿತ್ತು. ಅಪ್ಪ ಲಾರಿ ಚಾಲಕ, ಮನೆಯಲ್ಲಿ ಇರುವುದಕ್ಕಿಂತ ದಾರಿಯಲ್ಲಿ ಇರುವುದೇ ಹೆಚ್ಚು. ಹಗಲು ಮಗುವನ್ನು ಅಜ್ಜಿ ನೋಡಿಕೊಂಡರೆ ಅಮ್ಮನ ಕೆಲಸ ಉಳಿಯುತ್ತದೆ, ಇಲ್ಲದಿದ್ದರೆ ಇಲ್ಲ.

ಅಜ್ಜಿ ಕತ್ತರಿ ಕೆಳಗಿಟ್ಟರು. "ನನ್ನ ಕೈಲಾಗಲ್ಲ ಮಗಳೇ. ಕೇಳ್ತಾಳೆ, ಉತ್ತರ ಕೊಟ್ರೆ ಅಳ್ತಾಳೆ. ನನ್ನನ್ನ ಅಣಕಿಸ್ತಾಳೋ ಏನೋ. ನಾನಂದ್ರೆ ಅವಳಿಗೆ ಆಗಲ್ಲ."



ಸಂಜೆ, ವೈದ್ಯರು ಗೊತ್ತುಮಾಡಿದ್ದ ಮಾತಿನ ತರಬೇತುಗಾರ್ತಿ ಮೊದಲ ಸಲ ಮನೆಗೆ ಬಂದಳು. ಅಜ್ಜಿ ಅವಳಿಗೆ ಆಗಲೇ 'ಮಾತಿನ ಟೀಚರ್' ಎಂದು ಹೆಸರಿಟ್ಟಿದ್ದರು. ಮಾತು ಕಲಿಸಲು ಬಂದವಳು ಬಂದಾಗಿನಿಂದ ಬಾಯಿ ಬಿಡದೆ ಬಟ್ಟೆ ಚೂರುಗಳ ಪಕ್ಕ ಕುಳಿತಿದ್ದು ಅಜ್ಜಿಗೆ ಸರಿಕಾಣಲಿಲ್ಲ. ಅಷ್ಟರಲ್ಲಿ ಚಿಟ್ಟೆ ಎದ್ದು, ಅಜ್ಜಿಯ ಹತ್ತಿರ ಬಂದು, ಮತ್ತೆ ಅದೇ ಪ್ರಶ್ನೆ ಕೇಳಿದಳು.

"ನೋಡಿದ್ರಾ? ಶುರು ಆಯ್ತು," ಎಂದರು ಅಜ್ಜಿ.

"ಅಮ್ಮಾ, ನೀವು ಅವಳಿಗೆ ನೀರು ಕೊಡುವಾಗ ಏನಂತೀರಿ?" ಎಂದು ಟೀಚರ್ ಕೇಳಿದಳು.

"ಏನಂತೀನಿ? ಲೋಟ ಹಿಡ್ಕೊಂಡು, ನೀರು ಬೇಕಾ ಅಂತ..."

ಅಜ್ಜಿಯ ಮಾತು ಅಲ್ಲೇ ನಿಂತಿತು. ಟೀಚರ್ ಲೋಟದಲ್ಲಿ ನೀರು ತಂದು, "ನೀರು ಬೇಕು" ಎಂದು ನಿಧಾನವಾಗಿ ಹೇಳಿ ಚಿಟ್ಟೆಯ ಕೈಗೆ ಕೊಟ್ಟಳು. ಚಿಟ್ಟೆ ಒಂದೇ ಉಸಿರಿಗೆ ಕುಡಿದು ಮುಗಿಸಿದಳು.

ಟೀಚರ್ ವಿವರಿಸಿದಳು. ಆಟಿಸಂ ಇರುವ ಕೆಲವು ಮಕ್ಕಳು ಮಾತನ್ನು ಬಿಡಿಬಿಡಿಯಾಗಿ ಅಲ್ಲ, ಇಡಿಯಾಗಿ ಕಲಿಯುತ್ತಾರೆ. 'ನೀರು ಬೇಕಾ' ಎಂಬ ಸದ್ದು ಬಂದಾಗಲೆಲ್ಲ ನೀರು ಬಂದಿದೆ. ಆದ್ದರಿಂದ ಚಿಟ್ಟೆಯ ಲೆಕ್ಕದಲ್ಲಿ ಅದು ಪ್ರಶ್ನೆಯಲ್ಲ, ಅದೇ ನೀರು ಕೇಳುವ ಮಾತು. ಅವಳು ಅಣಕಿಸುತ್ತಿಲ್ಲ, ಹಟ ಮಾಡುತ್ತಿಲ್ಲ, ತನಗೆ ಬರುವ ಭಾಷೆಯಲ್ಲಿ ಕೇಳುತ್ತಿದ್ದಾಳೆ.

 "ಎತ್ಕೊಳ್ಳಲಾ ಅಂತಾನೂ ಕೇಳ್ತಾಳೆ," ಎಂದರು ಅಜ್ಜಿ. "ದಿನಾ ಬಂದು ನನ್ನ ಮುಂದೆ ನಿಂತ್ಕೊಂಡು ಎತ್ಕೊಳ್ಳಲಾ, ಎತ್ಕೊಳ್ಳಲಾ ಅಂತಾಳೆ. ನೀನು ನನ್ನ ಎತ್ತಿದ್ರೆ ನಿನ್ನ ಸೊಂಟ ಮುರಿಯುತ್ತೆ ಕಣೇ ಅಂತ ನಗ್ತಿದ್ದೆ. ಅಕ್ಕಪಕ್ಕದವರಿಗೂ ಹೇಳ್ಕೊಂಡು ನಗ್ತಿದ್ದೆ."

ಮಗಳು ಬಂದು ಅವರ ಪಕ್ಕ ಕುಳಿತಳು.

ಕೇಳಬೇಕಾದ್ದನ್ನು ಅಜ್ಜಿ ಕೇಳಿಯೇಬಿಟ್ಟರು. "ಇದು ಗುಣ ಆಗುತ್ತಾ?"

"ಇಳಿಯೋಕೆ ಇದು ಜ್ವರ ಅಲ್ಲ ಅಮ್ಮಾ. ಅವಳು ಇರೋದೇ ಹೀಗೆ. ಆದ್ರೆ ಅವಳು ಕಲೀತಾಳೆ. ಎಷ್ಟು, ಯಾವಾಗ ಅಂತ ನಾನು ಹೇಳಲ್ಲ. ಹೇಳೋರನ್ನ ನಂಬಬೇಡಿ," ಎಂದಳು ಟೀಚರ್.

ಮೊಬೈಲ್ ಕೊಟ್ಟಿದ್ದರಿಂದ ಹೀಗಾಯಿತೇ ಎಂದು ಮಗಳು ತಗ್ಗಿದ ದನಿಯಲ್ಲಿ ಕೇಳಿದಳು. ಅಲ್ಲ ಎಂದಳು ಟೀಚರ್. ಲಸಿಕೆಯಿಂದಲೂ ಅಲ್ಲ, ಸಾಕಿದ ರೀತಿಯಿಂದಲೂ ಅಲ್ಲ. ಆಟಿಸಂ ಹೋಗಲಾಡಿಸುವ ಔಷಧಿ ಇಲ್ಲ, ಇದೆ ಎಂದು ಮಾರುವವರು ಇದ್ದಾರೆ.

ಮನೆಯಲ್ಲಿ ಮಾಡಬೇಕಾದ್ದು ದೊಡ್ಡ ವಿದ್ಯೆಯೇನಲ್ಲ ಎಂದಳು. ಮಗುವಿನ ಬಾಯಿಂದ ಬರಬೇಕಾದ ಮಾತನ್ನೇ ನಾವು ಹೇಳಿ ಕೊಡುವುದು. ಸರಿಯಾಗಿ ಹೇಳುವವರೆಗೆ ನೀರು ತಡೆಹಿಡಿಯುವುದು ಬೇಡ. ಗದ್ದ ಹಿಡಿದು 'ನನ್ನ ನೋಡು' ಎನ್ನುವುದೂ ಬೇಡ. ಅವಳು ನೋಡದೆಯೂ ಕೇಳಿಸಿಕೊಳ್ಳುತ್ತಾಳೆ. ಯಂತ್ರದ ಸದ್ದಿಗೆ ಕಿವಿ ಮುಚ್ಚಿಕೊಳ್ಳುವುದಾದರೆ, ಹೊಲಿಗೆ ಶುರುಮಾಡುವ ಮೊದಲೇ ಹೇಳಿ, ದೂರ ಹೋಗಲು ಬಿಡುವುದು.

ನಾಲಿಗೆಗೆ ಅಂಟಿದ ಅಭ್ಯಾಸ ಒಂದೇ ದಿನಕ್ಕೆ ಬಿಡುವುದಿಲ್ಲ. ಅಜ್ಜಿ ಲೋಟ ಹಿಡಿದು 'ಬೇಕಾ' ಎಂದು, ನಾಲಿಗೆ ಕಚ್ಚಿಕೊಂಡು, 'ಬೇಕು' ಎನ್ನುತ್ತಿದ್ದರು. ಟೀಚರ್ ಬಂದಿದ್ದು ಚಿಟ್ಟೆಗೆ ಮಾತು ಕಲಿಸೋಕಲ್ಲ, ನನಗೆ ಕಲಿಸೋಕೆ ಎಂದು ಮಗಳ ಮುಂದೆ ನಕ್ಕರು.

ಒಂದು ಗುರುವಾರ ಚಿಟ್ಟೆ ಯಂತ್ರದ ಬಳಿ ಬಂದು ನಿಂತಳು. "ಎತ್ಕೊಳ್ಳಲಾ?"

ಅಜ್ಜಿ ಪೆಡಲಿನಿಂದ ಕಾಲು ತೆಗೆದರು. "ಎತ್ಕೋ ಅಜ್ಜಿ," ಎಂದು ಅವಳ ಪರವಾಗಿ ತಾವೇ ಹೇಳಿ, ಎತ್ತಿಕೊಂಡರು. ಚಿಟ್ಟೆ ಅಜ್ಜಿಯ ಮುಖ ನೋಡಲಿಲ್ಲ. ಹೆಗಲ ಮೇಲೆ ತಲೆಯಿಟ್ಟು ಚಕ್ರವನ್ನು ನೋಡುತ್ತಿದ್ದಳು.

ಓದುತ್ತಿರುವವರೇ, ಮಕ್ಕಳೆಲ್ಲರೂ ಸ್ವಲ್ಪ ಕಾಲ ಕೇಳಿದ್ದನ್ನೇ ತಿರುಗಿ ಹೇಳುತ್ತಾರೆ. ಅದೊಂದರಿಂದಲೇ ಆಟಿಸಂ ಎಂದುಕೊಳ್ಳಬೇಡಿ. ಆದರೆ ಅದು ನಿಲ್ಲದಿದ್ದರೆ, ಹೆಸರು ಹಿಡಿದು ಕರೆದರೂ ಮಗು ತಿರುಗದಿದ್ದರೆ, ಬೇಕಾದ್ದನ್ನು ಬೆರಳು ಮಾಡಿ ತೋರಿಸದಿದ್ದರೆ, ದೊಡ್ಡದಾದ ಮೇಲೆ ಸರಿಹೋಗುತ್ತದೆ ಎಂದು ಕಾಯಬೇಡಿ. ಮಕ್ಕಳ ವೈದ್ಯರಿಗೆ ತೋರಿಸಿ. ಆಟಿಸಂ ಎಂದು ಗೊತ್ತಾದರೆ ಮಗುವನ್ನು ಬಚ್ಚಿಡಬೇಡಿ, ತಾಯಿಯನ್ನು ದೂರಬೇಡಿ. ಮಗು ಅಳುವ ಮೊದಲು ಏನು ಹೇಳಿತು ಎಂದು ಕಿವಿಗೊಟ್ಟು ಕೇಳಿ.

ಚಿಟ್ಟೆ ಈಗಲೂ 'ಬೇಕಾ' ಎಂದೇ ಹೇಳುತ್ತಾಳೆ, ನೀರು ಸಿಗುತ್ತದೆ. ರಜೆ ಮುಗಿದ ಮರುದಿನ ಅವಳ ಅಮ್ಮ ಬೇಕರಿ ಕೆಲಸಕ್ಕೆ ಹೋದಳು.