ಸ್ಮಾರಕದ ಮುಂದೆ ಒಂದು ಗ್ಲಾಸು ಚಹಾ

ಇಪ್ಪತ್ತು ವರ್ಷದ ಹಿಂದೆ ಮುಂಬೈ ಬಳಿಯ ಕಲ್ಯಾಣದಲ್ಲಿ ನೆರೆ ನೀರು ಏರಿದಾಗ ಮನೆಯ ಮಾಡಿನ ಮೇಲೆ ಕೂತಿದ್ದ ಬೂಬ ಮತ್ತು ಅವನ ಹೆಂಡತಿ ಲೋಲಾಕ್ಷಿಯನ್ನು ದೋಣಿಗೆ ಇಳಿಸಿಕೊಂಡ ಸೈನಿಕರು, ಅವರನ್ನು ದಡ ಮುಟ್ಟಿಸಿದ ಮೇಲೆ ಚಹಾ ಕುಡಿದು ಹೋಗಿ ಎಂದರೂ ನಿಲ್ಲದೆ ಮುಂದಿನ ಮನೆಗೆ ಹೋಗಿಬಿಟ್ಟಿದ್ದರು. ಹೋಟೆಲಿನವನಾದ ಬೂಬನಿಗೆ ಇದು ಇಪ್ಪತ್ತು ವರ್ಷ ಗಂಟಲಲ್ಲೇ ಸಿಕ್ಕಿಕೊಂಡಿತ್ತು. ಏನೂ ಕುಡಿಸದೆ ಬರೀ ಬಾಯಲ್ಲಿ ಉಪಕಾರ ಹೇಳುವುದು ಅವನ ಪ್ರಕಾರ ಆಫೀಸಿನವರ ಪದ್ಧತಿ.

ಆ ಸೈನಿಕರ ಹೆಸರೂ ಗೊತ್ತಿಲ್ಲದ್ದರಿಂದ, ಈ ಭಾನುವಾರ ಹೆಂಡತಿಯೊಂದಿಗೆ ಚಹಾದ ಫ್ಲಾಸ್ಕು ಹಿಡಿದು ಪಕ್ಕದ ಠಾಣೆ ಶಹರದ ಯುದ್ಧಸ್ಮಾರಕಕ್ಕೆ ಬಂದ. ಕಲ್ಲಿನ ಮೇಲಿನ ಹೆಸರುಗಳನ್ನು ಒಂದೂ ಬಿಡದೆ ಓದಿದ. ಬೆಳಿಗ್ಗೆ ಹೋಟೆಲಿನಲ್ಲಿ ದೇವರ ಪಟದ ಮುಂದೆ ಮೊದಲ ಚಹಾ ಇಡುವಂತೆ, ಕೊನೆಯ ಹೆಸರಿನ ಕೆಳಗೆ ಒಂದು ಗ್ಲಾಸು ಇಟ್ಟು ಕೈಮುಗಿದ.

ಕಾವಲುಗಾರ ಸೀಟಿ ಊದುತ್ತ ಓಡಿಬಂದ. "ಏ ಕಾಕಾ! ಯೇ ಟಪರಿ ಹೈ ಕ್ಯಾ?" ಎಂದು, ಇದೇನು ಚಹಾದಂಗಡಿಯೇ ಎಂಬಂತೆ ಗದರಿದ.

ಬೂಬ ಅವನಿಗೆ ನೆರೆಯ ಕತೆಯನ್ನೆಲ್ಲ ಹೇಳಿದ.

ಕಾವಲುಗಾರ ಮೀಸೆ ನೀವಿಕೊಂಡ. "ಮೈ ಭೀ ಫೌಜಿ ಥಾ, ಕಾಕಾ. ಬಾಯೀಸ್ ಸಾಲ್."

"ಕೇಳಿದ್ಯಾ ಮಾರಾಯ್ತಿ? ಇವರೂ ಇಪ್ಪತ್ತೆರಡು ವರ್ಷ ಮಿಲಿಟರಿಯಲ್ಲಿದ್ದವರಂತೆ!" ಬೂಬನ ಮುಖ ಅರಳಿತು. "ಕುಡಿಯುವವರೇ ಸಿಕ್ಕಿದ್ರು!"

ಒಳಗೆ ಕುಡಿಯುವಂತಿಲ್ಲವಾದ್ದರಿಂದ ಮೂವರೂ ಗೇಟಿನ ಹೊರಗೆ ಬಂದರು. ಕಾವಲುಗಾರ ಹೆಸರುಗಳ ಕಡೆ ತಿರುಗಿ ಸೆಲ್ಯೂಟು ಹೊಡೆದು, ಒಂದು ಗುಟುಕು ಹೀರಿದ. ಬೂಬ ಉಸಿರು ಬಿಗಿಹಿಡಿದು ನೋಡಿದ.

"ಶಕ್ಕರ್ ಥೋಡಾ ಕಮ್ ಹೈ."

"ಇಪ್ಪತ್ತು ವರ್ಷ ಕಾದದ್ದು ಸಕ್ಕರೆ ಕಡಿಮೆ ಅಂತ ಕೇಳ್ಲಿಕ್ಕಾ ಮಾರಾಯ್ರೇ?" ಎಂದು ಲೋಲಾಕ್ಷಿ ಹೊಟ್ಟೆ ಹಿಡಿದು ನಕ್ಕಳು.

ಬೇರೆ ಗಿರಾಕಿ ಹೀಗಂದಿದ್ದರೆ ಜಗಳಕ್ಕೆ ನಿಲ್ಲುತ್ತಿದ್ದ ಬೂಬ, "ಅಗಲೇ ಸಂಡೇ ಬರಾಬರ್ ಲಾತಾ ಹೂಂ ಸಾಬ್" ಎಂದು ಮುಂದಿನ ಭಾನುವಾರ ಸರಿಯಾಗಿ ತರುವ ಮಾತು ಕೊಟ್ಟು, ಗ್ಲಾಸನ್ನು ಮತ್ತೆ ತುಂಬಿಸಿದ.